ಸ್ಪೋರ್ಟ್ಸ್ ಕಾರಿನ ಹೊಟ್ಟೆಗೆ ಸಾದಾ ಪೆಟ್ರೋಲ್

ಅಮೆರಿಕದ ಪೆಟ್ರೋಲ್ ಬಂಕುಗಳಲ್ಲಿ ಪಂಪಿನ ಎದೆಯ ಮೇಲೆ ಹಳದಿ ಚೌಕಗಳು ಸಾಲಾಗಿ ಕಾಣುತ್ತವೆ. ಒಂದೊಂದರಲ್ಲೂ ಕಪ್ಪಗೆ ಅಚ್ಚಾದ ಒಂದು ಅಂಕಿ: 87, 89, ಕೊನೆಯದು 91 ಅಥವಾ 93. ಹಳದಿಯ ಮೇಲೆ ಕಪ್ಪಾಗಿ ಈ ಅಂಕಿ ಕಾಣಲೇಬೇಕು ಎಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ. ಬಹುತೇಕ ರಾಜ್ಯಗಳಲ್ಲಿ ಬಂಕಿನ ಹುಡುಗರು ಬಂದು ಪೆಟ್ರೋಲ್ ಹಾಕುವುದಿಲ್ಲ. ಕಾರ್ಡ್ ಉಜ್ಜಿ, ಗುಂಡಿ ಒತ್ತಿ, ನಳಿಕೆ ಹಿಡಿದು ತುಂಬಿಕೊಳ್ಳುವುದೆಲ್ಲ ಕಾರಿನವರೇ. ಆ ಗುಂಡಿಯ ಮುಂದೆ ನಿಂತಾಗ ಫೋರ್ಡ್ ಮಸ್ಟಾಂಗ್, ಮಜ್ದಾ ಮಿಯಾಟಾದಂಥ ಸ್ಪೋರ್ಟ್ಸ್ ಕಾರಿನವರು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ. ಸಾದಾ ಪೆಟ್ರೋಲಿನ ಮೊದಲ ಗುಂಡಿಗೂ ‘ಪ್ರೀಮಿಯಂ’ ಎನ್ನುವ ಕೊನೆಯ ಗುಂಡಿಗೂ ಒಂದು ಕಾಲದಲ್ಲಿ ಗ್ಯಾಲನ್‌ಗೆ 20 ಸೆಂಟ್ ಅಂತರವಿತ್ತು. ಈಗ ಹಲವೆಡೆ 80 ಸೆಂಟ್ ದಾಟಿದೆ. 16 ಗ್ಯಾಲನ್ ಹಿಡಿಯುವ ಟ್ಯಾಂಕ್ ಒಮ್ಮೆ ತುಂಬಿಸಿದರೆ ಸುಮಾರು 13 ಡಾಲರ್ ಹೆಚ್ಚು ತೆರಬೇಕು. ಸಾದಾ ಪೆಟ್ರೋಲನ್ನೇ ಹಾಕಿದರೆ ಏನಾದೀತು?

ಎಂಜಿನ್ ಹಾಳಾಗಿಯೇ ಹೋಗುತ್ತದೆ ಎನ್ನುವವರಿದ್ದಾರೆ. ಏನೂ ಆಗುವುದಿಲ್ಲ, ಎಲ್ಲ ಎಣ್ಣೆ ಕಂಪನಿಗಳ ಸುಲಿಗೆ ಎನ್ನುವವರೂ ಇದ್ದಾರೆ. ಎರಡೂ ಮಾತು ಒಂದೊಂದು ಕಾಲದ ಕಾರಿಗೆ ನಿಜ, ಇನ್ನೊಂದು ಕಾಲದ ಕಾರಿಗೆ ಸುಳ್ಳು.

ಈ ಗೊಂದಲದ ಬುಡದಲ್ಲಿ ಹಳೆಯ ತಪ್ಪು ತಿಳಿವಳಿಕೆಯೊಂದಿದೆ. ದುಬಾರಿ ಪೆಟ್ರೋಲಿನಲ್ಲಿ ಕಸುವು ಜಾಸ್ತಿ ಎಂದು ಜನ ನಂಬಿದ್ದಾರೆ. ಆದರೆ ಒಂದು ಲೀಟರ್ ಸಾದಾ ಪೆಟ್ರೋಲ್ ಉರಿದಾಗ ಹೊರಬರುವ ಶಾಖಕ್ಕೂ ಒಂದು ಲೀಟರ್ ಪ್ರೀಮಿಯಂ ಕೊಡುವ ಶಾಖಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪಂಪಿನ ಮೇಲಿರುವ ಆಕ್ಟೇನ್ ಅಂಕಿ ಶಕ್ತಿಯನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ತಡೆದುಕೊಳ್ಳುವ ಗುಣವನ್ನು.

ಎಂಜಿನ್ನಿನೊಳಗೆ ಇಣುಕಿದರೆ ಇದು ಸ್ಪಷ್ಟವಾಗುತ್ತದೆ. ಪಿಸ್ಟನ್ ಮೇಲೇರುತ್ತಾ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಒತ್ತುತ್ತದೆ. 2018ರ ನಂತರದ ಮಸ್ಟಾಂಗ್ ಜಿಟಿಯ ಎಂಟು ಸಿಲಿಂಡರ್ ಎಂಜಿನ್ನಿನಲ್ಲಿ ಆ ಮಿಶ್ರಣ ಹನ್ನೆರಡನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವಂತೆ, ಒತ್ತಡಕ್ಕೆ ಸಿಕ್ಕ ಮಿಶ್ರಣವೂ ಕಾಯುತ್ತದೆ. ಪಿಸ್ಟನ್ ತುದಿ ಮುಟ್ಟುವ ಸ್ವಲ್ಪ ಮುಂಚೆ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಅಲ್ಲಿಂದ ಹೊರಟು ಸಿಲಿಂಡರಿನ ಅಂಚಿನತ್ತ ಹರಡುತ್ತಾ ಹೋಗುತ್ತದೆ. ಹರಡುವ ಬೆಂಕಿ ಮುಂದಿರುವ ಮಿಶ್ರಣವನ್ನು ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಕಾಯಿಸುತ್ತದೆ. ತನ್ನ ಸರದಿ ಬರುವವರೆಗೆ ಆ ಮೂಲೆಯ ಮಿಶ್ರಣ ತಡೆದುಕೊಂಡರೆ ಪಿಸ್ಟನ್ ಮೇಲೆ ಒತ್ತಡ ಹದವಾಗಿ ಬಿದ್ದು ಕಾರು ಓಡುತ್ತದೆ. ತಡೆದುಕೊಳ್ಳದೆ ಒಂದೇ ಸಲಕ್ಕೆ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿದಾಡುತ್ತವೆ. ಹೊರಗೆ ಕೇಳುವುದು ಲೋಹದ ಕಟಕಟ ಸದ್ದು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ‘ನಾಕಿಂಗ್’ ಎನ್ನುತ್ತಾರೆ.

ಸದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ನೆತ್ತಿಗೆ ಸದಾ ಒಂದು ತೆಳು ಅನಿಲದ ಪದರ ಅಂಟಿಕೊಂಡಿರುತ್ತದೆ. ಸಾವಿರಾರು ಡಿಗ್ರಿಯ ಉರಿಯಿಂದ ಲೋಹವನ್ನು ಕಾಪಾಡುವುದೇ ಆ ಪದರ. ನಾಕಿಂಗ್‌ನ ಅಲೆಗಳು ಅದನ್ನು ಕೆರೆದು ಹಾಕುತ್ತವೆ. ಶಾಖ ನೇರ ಲೋಹಕ್ಕೆ ಇಳಿಯುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ರಿಂಗು ಕೂರುವ ತೋಡಿನ ಏಣು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸೀಳುತ್ತದೆ. ಕೊನೆಗೆ ಪಿಸ್ಟನ್ನಿಗೇ ತೂತು ಬೀಳಬಹುದು.

ಆಕ್ಟೇನ್ ಅಳತೆಗೋಲನ್ನು ಕೊಟ್ಟವರು ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ. ಅದು 1920ರ ದಶಕದ ನಡುಭಾಗ. ಅವರು ಎರಡು ದ್ರವಗಳನ್ನು ಆರಿಸಿಕೊಂಡರು. ಐಸೊ-ಆಕ್ಟೇನ್ ಒತ್ತಡವನ್ನು ಅದ್ಭುತವಾಗಿ ತಡೆದುಕೊಳ್ಳುತ್ತಿತ್ತು, ಅದಕ್ಕೆ 100 ಅಂಕ. ಹೆಪ್ಟೇನ್ ಸ್ವಲ್ಪ ಒತ್ತಿದರೂ ಹೊತ್ತಿಕೊಳ್ಳುತ್ತಿತ್ತು, ಅದಕ್ಕೆ ಸೊನ್ನೆ. ಶುದ್ಧ ಹೆಪ್ಟೇನ್ ಆಗ ಸಿಗುತ್ತಿದ್ದುದು ಎಣ್ಣೆ ಬಾವಿಯಿಂದಲ್ಲ, ಅಮೆರಿಕದ ಪಶ್ಚಿಮ ಬೆಟ್ಟಗಳ ಜೆಫ್ರಿ ಪೈನ್ ಮರದ ರಾಳದಿಂದ. ಒಂದು ಪೆಟ್ರೋಲ್ 87 ಭಾಗ ಐಸೊ-ಆಕ್ಟೇನ್ ಮತ್ತು 13 ಭಾಗ ಹೆಪ್ಟೇನ್ ಮಿಶ್ರಣದಷ್ಟೇ ತಡೆದುಕೊಂಡರೆ ಅದರ ಆಕ್ಟೇನ್ 87. ಇದನ್ನು ಅಳೆಯಲು ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಕಂಪನಿ ಒಂದೇ ಸಿಲಿಂಡರಿನ ಪುಟ್ಟ ಎಂಜಿನ್ ಕಟ್ಟಿತು. ಓಡುತ್ತಿರುವಾಗಲೇ ಅದರ ಒತ್ತಡದ ಪ್ರಮಾಣವನ್ನು ಏರಿಸಬಹುದು, ಇಳಿಸಬಹುದು. ಅದೇ ಮಾದರಿಯ ಎಂಜಿನ್ನುಗಳು ಇವತ್ತಿಗೂ ರಿಫೈನರಿಗಳ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುತ್ತಿವೆ.

ಅಳೆಯುವ ಕ್ರಮ ಎರಡು. ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಅಳೆದರೆ ಬರುವುದು ರಿಸರ್ಚ್ ಆಕ್ಟೇನ್, ಅಂದರೆ ಆರ್‌ಒಎನ್. 900 ಸುತ್ತಿನಲ್ಲಿ, ಒಳಬರುವ ಮಿಶ್ರಣವನ್ನು ಚೆನ್ನಾಗಿ ಕಾಯಿಸಿ ಅಳೆದರೆ ಬರುವುದು ಮೋಟಾರ್ ಆಕ್ಟೇನ್. ಎರಡನೆಯದು ಯಾವಾಗಲೂ ಕೆಲವು ಅಂಕ ಕಡಿಮೆ. ಅಮೆರಿಕದವರು ಎರಡರ ಸರಾಸರಿಯನ್ನು ಪಂಪಿನ ಮೇಲೆ ಬರೆಯುತ್ತಾರೆ. ಯುರೋಪಿನವರೂ ನಾವೂ ಮೊದಲನೆಯದನ್ನಷ್ಟೇ ಹೇಳುತ್ತೇವೆ. ಹಾಗಾಗಿ ಅಮೆರಿಕದ 87 ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 91 ಅಥವಾ 92. ಬೆಂಗಳೂರು ಬಿಟ್ಟು ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ನೆಲೆಸಿದ ಕನ್ನಡಿಗರು ಅಲ್ಲಿನ ಪ್ರೀಮಿಯಂ ಗುಂಡಿಯ ಮೇಲೆ 91 ಕಂಡು, ಊರಿನಲ್ಲಿ ಸಾದಾ ಪೆಟ್ರೋಲೇ 91 ಇತ್ತಲ್ಲ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ 91 ನಮ್ಮಲ್ಲಿ 95ರ ಆಚೆಗಿನ ಪೆಟ್ರೋಲ್. ಜರ್ಮನಿಯ ಕಾರಿನ ಕೈಪಿಡಿಯಲ್ಲಿ 98 ಎಂದು ಓದಿ, ಅಮೆರಿಕದಲ್ಲಿ 98 ಎಲ್ಲಿಯೂ ಸಿಗದು ಎಂದು ಗಾಬರಿಯಾಗುವವರ ತಪ್ಪೂ ಇದೇ ಬಗೆಯದು. ಅಲ್ಲಿನ 93 ಅದಕ್ಕೆ ಸಮ.

ಆಕ್ಟೇನ್ ಏರಿಸಲು ಮನುಷ್ಯರು ಕೊಟ್ಟ ಬೆಲೆ ಸಣ್ಣದಲ್ಲ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಕೊಟ್ಟ ಚಾರ್ಲ್ಸ್ ಕೆಟರಿಂಗ್‌ಗೆ ನಾಕಿಂಗ್ ದೊಡ್ಡ ತಲೆನೋವಾಗಿತ್ತು, ಅವರ ಬ್ಯಾಟರಿ ಇಗ್ನಿಷನ್ನೇ ಅದಕ್ಕೆ ಕಾರಣವೆಂದು ಜನ ದೂರುತ್ತಿದ್ದರು. ಅವರ ಕೈಕೆಳಗಿನ ಎಂಜಿನಿಯರ್ ಥಾಮಸ್ ಮಿಡ್ಜ್‌ಲಿ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸವನ್ನು ಪೆಟ್ರೋಲಿಗೆ ಬೆರೆಸಿ ನೋಡಿದರು. ಕಟಕಟ ನಿಂತುಹೋಯಿತು. ಆಲ್ಕೊಹಾಲ್ ಬೆರೆಸಿದರೂ ನಾಕಿಂಗ್ ಅಡಗುತ್ತದೆ ಎಂಬುದು ಅವರಿಬ್ಬರಿಗೂ ಗೊತ್ತಿತ್ತು. ಆದರೂ ಮಾರುಕಟ್ಟೆಗೆ ಬಂದದ್ದು ಸೀಸ. 1923ರ ಫೆಬ್ರುವರಿಯಲ್ಲಿ ಓಹಾಯೊದ ಡೇಟನ್ ಊರಿನಲ್ಲಿ ಮಾರಾಟ ಶುರು. ಮರುವರ್ಷದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಆ ರಸಾಯನವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರು. ಮಿಡ್ಜ್‌ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಮೂಸಿ, ಅಪಾಯವಿಲ್ಲ ಎಂದು ತೋರಿಸಿದರು. ಅದಕ್ಕೆ ಮುಂಚೆಯೇ ಅವರು ಸ್ವತಃ ಸೀಸದ ವಿಷಕ್ಕೆ ಚಿಕಿತ್ಸೆ ಪಡೆದಿದ್ದರು.

ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೋಕದ ರಸ್ತೆಗಳ ಮೇಲೆ ಸೀಸದ ಹೊಗೆ ಸುರಿಯಿತು. ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ, ನಮ್ಮ ದೇಹದಲ್ಲಿರುವ ಸೀಸ ಸಹಜ ಪ್ರಮಾಣದ್ದಲ್ಲ ಎಂದು ಸಾಕ್ಷಿ ಸಮೇತ ಹೇಳಿದ ಮೇಲೂ ಅದು ಕೂಡಲೇ ನಿಲ್ಲಲಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಕೊನೆಯ ದೇಶವಾಗಿ ಅಲ್ಜೀರಿಯ ನಿಲ್ಲಿಸಿದ್ದು 2021ರಲ್ಲಿ. ಪಂಪಿನ ಮೇಲಿನ ಆ ಅಂಕಿಯನ್ನು ಕೆಲವು ಮೆಟ್ಟಿಲು ಮೇಲಕ್ಕೇರಿಸಲು ತಲೆಮಾರುಗಳ ಮಕ್ಕಳ ರಕ್ತದಲ್ಲಿ ಸೀಸ ಬೆರೆಯಿತು ಎಂಬುದನ್ನು, ವೇಗದ ಕಾರುಗಳನ್ನು ಪ್ರೀತಿಸುವವರು ಮರೆಯಬಾರದು.

ಆ ಸೀಸದ ಬಲದಿಂದಲೇ 1960ರ ದಶಕದ ಅಮೆರಿಕದಲ್ಲಿ ‘ಮಸಲ್ ಕಾರು’ಗಳು ಹುಟ್ಟಿದವು. 1970ರ ಶೆವ್ರೊಲೆ ಶೆವೆಲ್‌ನ ಎಲ್‌ಎಸ್6 ಎಂಜಿನ್ ಮಿಶ್ರಣವನ್ನು 11.25 ಪಟ್ಟು ಒತ್ತುತ್ತಿತ್ತು, 450 ಅಶ್ವಶಕ್ತಿ ಎಂದು ಕಂಪನಿ ಬರೆದುಕೊಂಡಿತ್ತು. ಮರುವರ್ಷ ಜನರಲ್ ಮೋಟಾರ್ಸ್ ತನ್ನೆಲ್ಲ ಎಂಜಿನ್ನುಗಳೂ ಕಡಿಮೆ ಆಕ್ಟೇನ್ ಪೆಟ್ರೋಲಿನಲ್ಲಿ ಓಡಬೇಕೆಂದು ನಿರ್ಧರಿಸಿತು. ಹೊಗೆಯನ್ನು ಶುದ್ಧಗೊಳಿಸುವ, ಆದರೆ ಸೀಸವನ್ನು ಸಹಿಸದ ಕ್ಯಾಟಲಿಟಿಕ್ ಕನ್ವರ್ಟರ್ ಬರುವುದಿತ್ತು, ಅದಕ್ಕೆ ದಾರಿ ಸಿದ್ಧವಾಗಬೇಕಿತ್ತು. 1971ರ ಕಾರ್ವೆಟ್‌ಗೆ ಬಂದ ಅದೇ ಎಲ್‌ಎಸ್6ನ ಒತ್ತಡ 9 ಪಟ್ಟಿಗೆ ಇಳಿಯಿತು, ಶಕ್ತಿ 425ಕ್ಕೆ.

1970ರ ಆ ಕಾರುಗಳು ಇಂದೂ ಸಂಗ್ರಾಹಕರ ಬಳಿ ಇವೆ. ಅವುಗಳಿಗೆ ಸಾದಾ ಪೆಟ್ರೋಲ್ ಹಾಕುವುದು ನಿಜಕ್ಕೂ ಅಪಾಯ. ಕಿಡಿಯ ಹೊತ್ತನ್ನು ನಿರ್ಧರಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಸ್ಪ್ರಿಂಗು ಮತ್ತು ತೂಕದ ತುಂಡುಗಳು. ಒಳಗೆ ನಾಕಿಂಗ್ ಆಗುತ್ತಿದೆ ಎಂದು ಅವಕ್ಕೆ ತಿಳಿಯುವುದಿಲ್ಲ, ತಿಳಿದರೂ ಏನೂ ಮಾಡಲಾರವು. ಓಡಿಸುವವರ ಕಿವಿಯೊಂದೇ ಗತಿ. ದೊಡ್ಡ ಸೈಲೆನ್ಸರಿನ ಗದ್ದಲದಲ್ಲಿ ಆ ಕಿವಿಗೂ ಕೇಳದಿರಬಹುದು. ಸಾದಾ ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳು ಎಂಬ ಹಿರಿಯರ ಮಾತು ಬಂದದ್ದು ಈ ಕಾರುಗಳ ಕಾಲದಿಂದ. ಅವರ ಮಟ್ಟಿಗೆ ಅದು ಅನುಭವದ ಮಾತೇ.

ಎಂಜಿನ್ನಿಗೇ ಕಿವಿ ಬಂದದ್ದು ಆಮೇಲೆ. ಬ್ಯೂಕ್ ಕಂಪನಿ, ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ 1978ರ ತನ್ನ ಟರ್ಬೊ ವಿ6 ಎಂಜಿನ್ನಿಗೆ ನಾಕ್ ಸೆನ್ಸರ್ ಕೂರಿಸಿತು. ಎಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ ಬಿಗಿದ ಪುಟ್ಟ ಸಾಧನ ಅದು. ಒಳಗಿರುವ ಹರಳು ಅದುರಿದಾಗ ವಿದ್ಯುತ್ ಹುಟ್ಟಿಸುತ್ತದೆ. ನಾಕಿಂಗ್‌ನ ಅದುರು ಸಾಮಾನ್ಯವಾಗಿ ಸೆಕೆಂಡಿಗೆ ಆರೇಳು ಸಾವಿರ ಸಲ. ಸಿಲಿಂಡರಿನ ಅಗಲದ ಮೇಲೆ ಅದು ಹೆಚ್ಚು ಕಡಿಮೆಯಾಗುತ್ತದೆ. ಉಳಿದ ಗದ್ದಲದ ನಡುವೆ ಆ ಒಂದು ಸ್ವರವನ್ನು ಹೆಕ್ಕಿ ಕೇಳುವುದು ಅದರ ಕೆಲಸ.

ಈ ಕಿವಿಯನ್ನು ಇನ್ನೂ ಜಾಣತನದಿಂದ ಬಳಸಿಕೊಂಡವರು ಸ್ವೀಡನ್ನಿನ ಸಾಬ್ ಕಂಪನಿಯ ಪೇರ್ ಗಿಲ್‌ಬ್ರಾಂಡ್. ಟರ್ಬೊ ಎಂಜಿನ್ನುಗಳ ಪಿತಾಮಹ ಎಂದು ಸಾಬ್ ಪ್ರಿಯರು ಇಂದಿಗೂ ಅವರನ್ನು ನೆನೆಯುತ್ತಾರೆ. 1980ರ ದಶಕದ ಆರಂಭದಲ್ಲಿ ಸಾಬ್ 900 ಟರ್ಬೊಗೆ ಅವರು ಎಪಿಸಿ ಎಂಬ ವ್ಯವಸ್ಥೆ ತಂದರು. ನಾಕಿಂಗ್ ಕೇಳಿಸಿದ ಕೂಡಲೇ ಅದು ಟರ್ಬೊ ಗಾಳಿಯ ಒತ್ತಡವನ್ನು ತಗ್ಗಿಸುತ್ತಿತ್ತು. ಒಳ್ಳೆಯ ಪೆಟ್ರೋಲ್ ಸಿಕ್ಕಿದ ಊರಿನಲ್ಲಿ ಪೂರ್ಣ ಒತ್ತಡ, ಸಿಗದ ಊರಿನಲ್ಲಿ ಕಡಿಮೆ. ಕಾರು ತನ್ನ ಟ್ಯಾಂಕಿನಲ್ಲಿ ಏನಿದೆ ಎಂಬುದಕ್ಕೆ ತಾನೇ ಹೊಂದಿಕೊಳ್ಳತೊಡಗಿತು. ಇವತ್ತಿನ ಎಲ್ಲ ಸ್ಪೋರ್ಟ್ಸ್ ಕಾರುಗಳೂ ಆ ದಾರಿಯಲ್ಲೇ ನಡೆಯುತ್ತಿವೆ. ನಾಕಿಂಗ್ ಕೇಳಿದರೆ ಕಂಪ್ಯೂಟರು ಕಿಡಿಯನ್ನು ಕೆಲವು ಡಿಗ್ರಿ ತಡವಾಗಿ ಹಾರಿಸುತ್ತದೆ, ಟರ್ಬೊ ಇದ್ದರೆ ಗಾಳಿ ತಗ್ಗಿಸುತ್ತದೆ, ಬೇಕಾದರೆ ಪೆಟ್ರೋಲ್ ಸ್ವಲ್ಪ ಹೆಚ್ಚು ಸಿಂಪಡಿಸಿ ಸಿಲಿಂಡರನ್ನು ತಂಪು ಮಾಡುತ್ತದೆ. ಫೋರ್ಡ್ ಕಾರುಗಳ ಕಂಪ್ಯೂಟರು ಟ್ಯಾಂಕಿನ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಕಲಿತು ಒಂದು ಅಂಕಿಯಾಗಿ ನೆನಪಿಟ್ಟುಕೊಳ್ಳುತ್ತದೆ. ಮಸ್ಟಾಂಗ್ ಹುಚ್ಚಿನವರು ಅದನ್ನು ‘ಓಎಆರ್’ ಎಂದು ಕರೆಯುತ್ತಾರೆ. ಬಂಕ್ ಬದಲಾಯಿಸಿದಾಗ ಲ್ಯಾಪ್‌ಟಾಪ್ ಜೋಡಿಸಿ ಅದನ್ನು ಓದಿ ನೋಡುವವರೂ ಇದ್ದಾರೆ.

ಅಂದರೆ ಹೊಸ ಕಾಲದ ಸ್ಪೋರ್ಟ್ಸ್ ಕಾರಿಗೆ ಸಾದಾ ಪೆಟ್ರೋಲ್ ಹಾಕಿದರೆ ಅದು ಸಾಯುವುದಿಲ್ಲ, ಸೊರಗುತ್ತದೆ. ಎಷ್ಟು ಸೊರಗುತ್ತದೆ ಎಂಬುದಕ್ಕೆ ಕಂಪನಿಗಳೇ ಕೊಟ್ಟ ಅಂಕಿಗಳಿವೆ. ಮಜ್ದಾ ತನ್ನ 2.5 ಲೀಟರ್ ಟರ್ಬೊ ಎಂಜಿನ್ನಿಗೆ ಎರಡು ಅಂಕಿಗಳನ್ನು ಬಚ್ಚಿಡದೆ ಪ್ರಕಟಿಸಿತು: 93 ಆಕ್ಟೇನ್ ಹಾಕಿದರೆ 250 ಅಶ್ವಶಕ್ತಿ, 87 ಹಾಕಿದರೆ 227. ಆರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು ಎಂಬಂಥ ಪ್ರಾಮಾಣಿಕತೆ ಅದು, ಎಲ್ಲ ಕಂಪನಿಗಳೂ ಅನುಸರಿಸಬೇಕಾದದ್ದು. 2015ರ ಮಸ್ಟಾಂಗ್ ಇಕೋಬೂಸ್ಟ್‌ನ 310 ಅಶ್ವಶಕ್ತಿಯೂ 93 ಆಕ್ಟೇನಿನ ಲೆಕ್ಕದ್ದೇ. ಸಾದಾ ಪೆಟ್ರೋಲಿನಲ್ಲಿ ಅದು 275ರ ಸುಮಾರಿಗೆ ಇಳಿಯುತ್ತದೆ ಎಂದು ಆಗಲೇ ವಾಹನ ಪತ್ರಿಕೆಗಳು ವರದಿ ಮಾಡಿದ್ದವು. ಹಣ ಕೊಟ್ಟು ಕೊಂಡ 35 ಕುದುರೆಗಳು ಬಂಕಿನಲ್ಲೇ ಉಳಿದಂತಾಯಿತು.

‘ಕಾರ್ ಅಂಡ್ ಡ್ರೈವರ್’ ಪತ್ರಿಕೆ 2001ರಲ್ಲಿ ಕೆಲವು ಕಾರುಗಳನ್ನು ಎರಡೂ ಪೆಟ್ರೋಲಿನಲ್ಲಿ ಓಡಿಸಿ ಅಳೆಯಿತು. ಪ್ರೀಮಿಯಂ ಕೇಳುವ ಬಿಎಂಡಬ್ಲ್ಯು ಎಂ3 ಸಾದಾ ಪೆಟ್ರೋಲಿನಲ್ಲಿ ಶಕ್ತಿ ಕಳೆದುಕೊಂಡಿತು. ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡದ್ದು ಸಾಬ್ 9-5, ಹೆಚ್ಚು ಕಡಿಮೆ ಹತ್ತನೇ ಒಂದು ಭಾಗ. ಗಿಲ್‌ಬ್ರಾಂಡ್ ಕಿವಿ ಕೊಟ್ಟ ವಂಶದ ಕಾರೇ ಹೆಚ್ಚು ಸೋತದ್ದು ವಿಚಿತ್ರವಲ್ಲ. ತನ್ನನ್ನು ತಾನು ಚೆನ್ನಾಗಿ ಕಾಪಾಡಿಕೊಳ್ಳಬಲ್ಲ ಎಂಜಿನ್ನಿಗೆ ಬಿಟ್ಟುಕೊಡಲು ಟರ್ಬೊ ಒತ್ತಡ ಸಾಕಷ್ಟಿರುತ್ತದೆ. ಸಾದಾ ಪೆಟ್ರೋಲಿಗೆಂದೇ ಕಟ್ಟಿದ ಎಂಜಿನ್ನಿಗೆ ದುಬಾರಿ ಪೆಟ್ರೋಲ್ ಕುಡಿಸಿದರೆ ಬಳಸಿಕೊಳ್ಳುವ ದಾರಿಯೇ ಇಲ್ಲ.

ಆ ದಾರಿಯನ್ನು ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು ಡಾಡ್ಜ್ ತೋರಿಸಿತು. 2018ರ ಚಾಲೆಂಜರ್ ಡೀಮನ್ 91 ಆಕ್ಟೇನಿನಲ್ಲಿ 808 ಅಶ್ವಶಕ್ತಿ ಕೊಡುತ್ತಿತ್ತು, 100ರ ಮೇಲಿನ ರೇಸ್ ಪೆಟ್ರೋಲ್ ಹಾಕಿ, ಅದಕ್ಕೆಂದೇ ಬರೆದ ಕಂಪ್ಯೂಟರ್ ಜೋಡಿಸಿದರೆ 840. ಸ್ವೀಡನ್ನಿನ ಕೊಯೆನಿಗ್‌ಸೆಗ್ ಯೆಸ್ಕೋ ಪೆಟ್ರೋಲಿನಲ್ಲಿ 1280, ಎಥನಾಲ್ ಎಂಬ ಆಲ್ಕೊಹಾಲ್ ಹೇರಳವಾಗಿರುವ ಇ85 ಇಂಧನದಲ್ಲಿ 1600. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಆದರೂ ಶಕ್ತಿ ಹೆಚ್ಚು. ಅದು ತಡೆದುಕೊಳ್ಳುವುದರಿಂದ ಟರ್ಬೊ ಇನ್ನಷ್ಟು ಗಾಳಿ ತುಂಬಬಹುದು, ಕಿಡಿಯನ್ನು ಸರಿಯಾದ ಹೊತ್ತಿಗೆ ಹಾರಿಸಬಹುದು. ಆಕ್ಟೇನ್ ಶಕ್ತಿಯಲ್ಲ, ಶಕ್ತಿಗೆ ಸಿಗುವ ಅವಕಾಶ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಕಾರಿನ ಕೈಪಿಡಿಯ ಇಂಧನದ ಪುಟವನ್ನು ಜನ ಓದುವುದು ಕಡಿಮೆ. ಓದಬೇಕಾದದ್ದು ಅದೇ ಪುಟ. ಅಲ್ಲಿ ಪ್ರೀಮಿಯಂ ‘ಕಡ್ಡಾಯ’ ಎಂದಿದೆಯೋ ‘ಶಿಫಾರಸು’ ಎಂದಿದೆಯೋ ನೋಡಿಕೊಳ್ಳಬೇಕು. ಕಡ್ಡಾಯ ಎಂದಿದ್ದರೆ ಅದಕ್ಕಿಂತ ಕೆಳಗೆ ಇಳಿಯುವುದು ಬೇಡ. ನಾಕ್ ಸೆನ್ಸರ್ ಇದ್ದರೂ ಅದು ಹಿಂದೆ ಸರಿಯಬಲ್ಲ ದೂರಕ್ಕೆ ಮಿತಿಯಿದೆ. ಸುಡು ಬೇಸಿಗೆಯಲ್ಲಿ, ಘಾಟಿ ಏರುತ್ತಾ, ರೇಸ್ ಟ್ರ್ಯಾಕಿನಲ್ಲಿ ಕಾಲು ಎತ್ತದೆ ಓಡಿಸುವಾಗ ಆ ಮಿತಿ ಮುಗಿಯಬಹುದು. ಕಿಡಿ ತಡವಾದಷ್ಟೂ ಹೊಗೆಯ ಶಾಖ ಏರಿ ಟರ್ಬೊಗೂ ಕನ್ವರ್ಟರಿಗೂ ಪೆಟ್ಟು. ಹಾಳಾದ ಎಂಜಿನ್ನಿನಲ್ಲಿ ತಪ್ಪು ಪೆಟ್ರೋಲಿನ ಗುರುತು ಕಂಡರೆ ವಾರಂಟಿಯೂ ಕೈಕೊಡಬಹುದು. ಶಿಫಾರಸು ಎಂದಿದ್ದರೆ ಮಾತು ಬೇರೆ, ಆಗ ಅದು ಬರೀ ಲೆಕ್ಕಾಚಾರ.

ಆ ಲೆಕ್ಕವನ್ನು ಅಮೆರಿಕದ ವಾಹನ ಸವಾರರ ಸಂಘ ಎಎಎ 2017ರಲ್ಲಿ ಮಾಡಿತು. ಪ್ರೀಮಿಯಂ ಶಿಫಾರಸು ಮಾಡುವ ಆರು ವಾಹನಗಳು, ಅವುಗಳಲ್ಲಿ ಮಸ್ಟಾಂಗ್ ಜಿಟಿ ಮತ್ತು ಮಿಯಾಟಾ ಕೂಡ. 93 ಆಕ್ಟೇನ್ ಹಾಕಿದಾಗ ಮೈಲೇಜು ಸರಾಸರಿ ಶೇ 2.7ರಷ್ಟು, ಶಕ್ತಿ ಸರಾಸರಿ ಶೇ 1.4ರಷ್ಟು ಏರಿತು. ಶಕ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಳಿಸಿದ್ದು ಮಸ್ಟಾಂಗ್, ಶೇ 3.2. ಬೆಲೆಯ ಅಂತರ ಮಾತ್ರ ಆಗಲೇ ಶೇ 20 ದಾಟಿತ್ತು. ದಿನಾ ಆಫೀಸಿಗೆ ಹೋಗಿಬರುವ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಜರುಗುವ ಮಿಯಾಟಾಕ್ಕೆ ಹಣದ ದೃಷ್ಟಿಯಿಂದ ಪ್ರೀಮಿಯಂ ಗಿಟ್ಟುವುದಿಲ್ಲ. ವರ್ಷಕ್ಕೆ 8000 ಮೈಲಿ ಓಡಿ, ಗ್ಯಾಲನ್ನಿಗೆ 20 ಮೈಲಿ ಕೊಡುವ ಕಾರಿಗೆ ಬೇಕಾಗುವುದು 400 ಗ್ಯಾಲನ್, 80 ಸೆಂಟಿನ ಅಂತರದಲ್ಲಿ ವರ್ಷಕ್ಕೆ 320 ಡಾಲರ್. ಭಾನುವಾರ ಬೆಳಿಗ್ಗೆ ಬೆಟ್ಟದ ರಸ್ತೆಯಲ್ಲಿ ಎಂಜಿನ್ನಿನ ಪೂರ್ಣ ಕೊರಳನ್ನು ಕೇಳಬೇಕೆನ್ನುವವರಿಗೆ ಆ ಹಣ ದಂಡವಲ್ಲ. ಕಾರನ್ನು ಕೊಂಡದ್ದೇ ಅದಕ್ಕಲ್ಲವೇ?

ದಂಡವಾಗುವುದು ಇನ್ನೊಂದು ಕಡೆ. ಎಎಎ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾದಾ ಪೆಟ್ರೋಲೇ ಸಾಕಾಗುವ ಕಾರುಗಳಿಗೆ ಅಮೆರಿಕದ 1.65 ಕೋಟಿ ಜನ ಒಂದು ವರ್ಷದಲ್ಲಿ ಸುಮ್ಮನೆ ಪ್ರೀಮಿಯಂ ಹಾಕಿಸಿ 210 ಕೋಟಿ ಡಾಲರ್ ಕಳೆದಿದ್ದರು. ಮೆರುಗಿನ ಜಾಹೀರಾತು ನಂಬಿ, ತಮ್ಮ ಕಾರಿಗೆ ಒಳ್ಳೆಯದು ಮಾಡುತ್ತಿದ್ದೇವೆ ಎಂಬ ಪ್ರೀತಿಯಿಂದ ಹೀಗೆ ಮಾಡಿದವರಲ್ಲಿ ಸಂಬಳದಲ್ಲಿ ತಿಂಗಳು ದೂಡುವ ಕುಟುಂಬಗಳೂ ಇದ್ದೇ ಇರುತ್ತವೆ. ಅವರ ಮುಗ್ಧತೆಯಿಂದ ಲಾಭ ಮಾಡಿಕೊಳ್ಳುವುದು ಅನ್ಯಾಯ. ಪ್ರೀಮಿಯಂ ಪೆಟ್ರೋಲ್ ಎಂಜಿನ್ನನ್ನು ಚೊಕ್ಕಟವಾಗಿಟ್ಟು ರಿಪೇರಿ ಖರ್ಚು ತಗ್ಗಿಸುತ್ತದೆ ಎಂಬ ಜಾಹೀರಾತಿಗಾಗಿ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಎಕ್ಸಾನ್ ಕಂಪನಿಯ ಮೇಲೆ ದೂರು ಹೂಡಿತು. ಮರುವರ್ಷದ ಒಪ್ಪಂದದಂತೆ, ಬಹುತೇಕ ಕಾರುಗಳಿಗೆ ಸಾದಾ ಪೆಟ್ರೋಲೇ ಸರಿ ಎಂದು ಕಂಪನಿಯೇ ಜನರಿಗೆ ತಿಳಿಸಬೇಕಾಯಿತು. ಎಂಜಿನ್ ಚೊಕ್ಕಟವಾಗಿಡುವ ರಸಾಯನಗಳನ್ನು ಅಮೆರಿಕದಲ್ಲಿ ಎಲ್ಲ ದರ್ಜೆಯ ಪೆಟ್ರೋಲಿಗೂ ಬೆರೆಸಲೇಬೇಕು. ‘ಟಾಪ್ ಟಿಯರ್’ ಗುರುತಿರುವ ಬಂಕುಗಳಲ್ಲಿ ಸಾದಾ ಪೆಟ್ರೋಲಿಗೂ ಅದರ ಪ್ರಮಾಣ ಹೆಚ್ಚು. ಚೊಕ್ಕಟತನ ಬೇಕಾದವರು ನೋಡಬೇಕಾದದ್ದು ಆ ಗುರುತನ್ನು, ಆಕ್ಟೇನ್ ಅಂಕಿಯನ್ನಲ್ಲ.

ಅಮೆರಿಕದ ಬಂಕುಗಳಲ್ಲಿ ಇನ್ನೂ ಒಂದು ಅಂಕಿ ಕಾಣಸಿಗುತ್ತದೆ. ಕೊಲರಾಡೊದಂಥ ಗುಡ್ಡಗಾಡಿನ ರಾಜ್ಯಗಳಲ್ಲಿ ಸಾದಾ ಪೆಟ್ರೋಲ್ 85. ಎತ್ತರದಲ್ಲಿ ಗಾಳಿ ತೆಳು, ಸಿಲಿಂಡರಿಗೆ ಸೇರುವ ಗಾಳಿ ಕಡಿಮೆ, ಒತ್ತಡವೂ ಕಡಿಮೆ ಎಂಬುದು ಅದರ ಹಿಂದಿನ ತರ್ಕ. ಕಾರ್ಬ್ಯುರೇಟರ್ ಕಾಲದ ಎಂಜಿನ್ನಿಗೆ ಅದು ಒಪ್ಪುತ್ತಿತ್ತು. ಗಾಳಿಯನ್ನು ತಾನೇ ತುರುಕುವ ಟರ್ಬೊ ಎಂಜಿನ್ನಿಗೆ ಎತ್ತರದ ರಿಯಾಯಿತಿ ಸಿಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸದ್ದಿಲ್ಲದೆ ಓಡಿದ ಹಳೆಯ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರಿನ ಸೆಕೆಯಲ್ಲಿ ಕಟಕಟ ಎಂದರೆ ಅದಕ್ಕೂ ಗಾಳಿಯ ಈ ವ್ಯತ್ಯಾಸವೇ ಕಾರಣವಿರಬಹುದು.

ಭಾರತದ ಬಂಕುಗಳ ಕಥೆ ತುಸು ಬೇರೆ. ಇಲ್ಲಿ ಬಹುಕಾಲ ಮಾರಾಟವಾದ ‘ಸ್ಪೀಡ್’, ‘ಎಕ್ಸ್‌ಟ್ರಾ ಪ್ರೀಮಿಯಂ’ ಪೆಟ್ರೋಲುಗಳಲ್ಲಿ ಹೆಚ್ಚಿದ್ದದ್ದು ಚೊಕ್ಕಟಗೊಳಿಸುವ ರಸಾಯನ, ಆಕ್ಟೇನ್ ಅಲ್ಲ. ಆಕ್ಟೇನ್ ಸಾದಾ ಪೆಟ್ರೋಲಿನಷ್ಟೇ, 91. ಹೆಚ್ಚಿನ ಆಕ್ಟೇನ್ ಬೇಕಾದವರಿಗೆ ಬೇರೆ ದರ್ಜೆಗಳಿದ್ದವು, ಭಾರತ್ ಪೆಟ್ರೋಲಿಯಂನ ಸ್ಪೀಡ್ 97, ಹಿಂದುಸ್ತಾನ್ ಪೆಟ್ರೋಲಿಯಂನ ಪವರ್ 99. ಅವು ಸಿಗುತ್ತಿದ್ದುದು ದೊಡ್ಡ ನಗರಗಳ ಕೆಲವೇ ಬಂಕುಗಳಲ್ಲಿ. 2020ರ ಡಿಸೆಂಬರ್ 1ರಂದು ಇಂಡಿಯನ್ ಆಯಿಲ್ ಮಥುರಾ ರಿಫೈನರಿಯಲ್ಲಿ ತಯಾರಾದ ಎಕ್ಸ್‌ಪಿ100 ಬಿಡುಗಡೆ ಮಾಡಿತು. ದೆಹಲಿಯಲ್ಲಿ ಆಗ ಲೀಟರಿಗೆ 160 ರೂಪಾಯಿ. ಸಾದಾ ಪೆಟ್ರೋಲ್ 82ರ ಆಸುಪಾಸಿನಲ್ಲಿತ್ತು. ಹಾಗಾಗಿ 95 ಅಥವಾ 98 ಕೇಳುವ ಕಾರುಗಳು ಇಲ್ಲಿ ವರ್ಷಗಟ್ಟಲೆ 91 ಕುಡಿದೇ ಓಡಿದವು. ಅವುಗಳ ಕಂಪ್ಯೂಟರುಗಳು ಕಿಡಿಯನ್ನು ಸದಾ ಹಿಂದಕ್ಕೆ ಎಳೆದುಕೊಂಡೇ ಇದ್ದವು.

ಈಗ ಎಥನಾಲ್ ಬಂದಿದೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ವಿವರಣೆಯಂತೆ ಎಥನಾಲ್‌ನ ಆಕ್ಟೇನ್ 108.5, ಅದಕ್ಕೆ ಬೆರೆಯುವ ಪೆಟ್ರೋಲಿನದು 84.4. ಶೇ 20ರಷ್ಟು ಬೆರೆಸಿದ ಇ20 ಪೆಟ್ರೋಲಿನ ಆರ್‌ಒಎನ್ 95. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಕಾರ್ಖಾನೆಗಳ ಎಥನಾಲೂ ಇದರಲ್ಲಿ ಸೇರುತ್ತದೆ. ನೂರು ವರ್ಷದ ಹಿಂದೆ ಕೆಟರಿಂಗ್ ಮತ್ತು ಮಿಡ್ಜ್‌ಲಿ ಬದಿಗಿಟ್ಟ ದಾರಿ ಇದು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನ್ ವಿಭಾಗದ ಮುಖ್ಯಸ್ಥರಾಗಿದ್ದ ಡಾನ್ ನಿಕಲ್ಸನ್ 2018ರಲ್ಲಿ, ಸಾದಾ ಪೆಟ್ರೋಲನ್ನೇ 95 ಆರ್‌ಒಎನ್‌ಗೆ ಏರಿಸಿ ಎಂದು ಕೇಳಿದ್ದರು. ಎಲ್ಲರಿಗೂ 95 ಸಿಗುವುದಾದರೆ ಒತ್ತಡ ಹೆಚ್ಚಿನ, ಮೈಲೇಜು ಹೆಚ್ಚಿನ ಎಂಜಿನ್ನುಗಳನ್ನು ಸಾಮಾನ್ಯರ ಕಾರಿಗೂ ಕಟ್ಟಬಹುದು ಎಂಬುದು ಅವರ ವಾದ. ಅಲ್ಲಿ ಅದು ಇನ್ನೂ ಆಗಿಲ್ಲ.

ಇಲ್ಲಿ 95 ಸಿಕ್ಕಿತೆಂದು ಬೆಂಗಳೂರಿನ ಸ್ಪೋರ್ಟ್ಸ್ ಕಾರಿನವರ ಕೆಲಸ ಮುಗಿಯಲಿಲ್ಲ, ಆಕ್ಟೇನಿನ ಜಾಗದಲ್ಲಿ ಈಗ ಬೇರೆ ಪ್ರಶ್ನೆಯಿದೆ. ನೀತಿ ಆಯೋಗದ 2021ರ ಎಥನಾಲ್ ವರದಿಯೇ ಹೇಳುವಂತೆ, ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳು ಇ20ನಲ್ಲಿ ಶೇ 6ರಿಂದ 7ರಷ್ಟು ಮೈಲೇಜು ಕಳೆದುಕೊಳ್ಳಬಹುದು. ರಬ್ಬರ್ ಪೈಪು, ಸೀಲುಗಳು ಅಷ್ಟು ಎಥನಾಲನ್ನು ತಾಳುತ್ತವೆಯೇ ಎಂಬುದೂ ಮಾದರಿಯಿಂದ ಮಾದರಿಗೆ ಬೇರೆ. 2018ರ ಅಕ್ಟೋಬರಿನಿಂದ ಯುರೋಪಿನಲ್ಲಿ ಮಾರುವ ಹೊಸ ಕಾರುಗಳ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ವೃತ್ತದೊಳಗೆ ಇ5, ಇ10 ಎಂಬ ಗುರುತು ಕಡ್ಡಾಯ. ಅಲ್ಲಿಂದ ಇಲ್ಲಿಗೆ ಬಂದ ಕಾರಿನಲ್ಲಿ ಆ ಗುರುತು ಇದ್ದರೆ ಅದರ ಪಕ್ಕದಲ್ಲೇ ಬೇಕಾದ ಆರ್‌ಒಎನ್ ಕೂಡ ಅಚ್ಚಾಗಿರುವುದುಂಟು. ಎರಡನ್ನೂ ನೋಡಿಕೊಂಡು, ಇ20 ಹಾಕಬಹುದೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಿಂದ ಬರಹದಲ್ಲೇ ಉತ್ತರ ಪಡೆಯುವುದು ಒಳ್ಳೆಯದು. ಟ್ಯಾಂಕಿಗೆ ಅಕಸ್ಮಾತ್ ಕಡಿಮೆ ಆಕ್ಟೇನ್ ಬಿದ್ದುಬಿಟ್ಟಿದ್ದರೆ ಇಳಿಸಿ ಚೆಲ್ಲಬೇಕಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತದೆ, ಟಾಪ್ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸದೆ ಓಡಿಸಿ, ಅರ್ಧ ಟ್ಯಾಂಕ್ ಖಾಲಿಯಾದಾಗ 97ನ್ನೋ 100ನ್ನೋ ತುಂಬಿಸಿದರೆ ಆಯಿತು. ಕಂಪ್ಯೂಟರು ಮುಂದಿನ ಹತ್ತಾರು ಕಿಲೋಮೀಟರುಗಳಲ್ಲಿ ಅದನ್ನು ಗುರುತು ಹಿಡಿದು ಕಿಡಿಯನ್ನು ತನ್ನ ಜಾಗಕ್ಕೆ ತಂದುಕೊಳ್ಳುತ್ತದೆ.